ಪಡಸಾಲೆಗೆ ಕೇಳಬಾರದು

ನನ್ನ ಬಾಯಿ ದೊಡ್ಡದು. ಇದನ್ನು ನಾನೇ ಹೇಳಬೇಕಾಗಿಲ್ಲ, ಅಮೃತಹಳ್ಳಿಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ನಾನು ಮದುವೆಯಾಗಿ ಬಂದಾಗ ನಮ್ಮ ಮನೆಯಲ್ಲಿ ಎಮ್ಮೆಗಳಿದ್ದವು, ಕೆರೆಯ ಆಚೆ ದಡದಲ್ಲಿ ಮೇಯುತ್ತಿದ್ದವು. ನಾನು ಈಚೆ ಹಿತ್ತಿಲಲ್ಲಿ ನಿಂತು ಒಂದು ಕೂಗು ಹಾಕಿದರೆ ಸಾಕು, ತಲೆಯೆತ್ತಿ ಮನೆ ಕಡೆ ಹೊರಡುತ್ತಿದ್ದವು. ಎಮ್ಮೆಗಳು ಹೋದವು, ಹೊಲ ಲೇಔಟ್ ಆಯಿತು, ಕೊಟ್ಟಿಗೆ ಇದ್ದ ಜಾಗದಲ್ಲಿ ಬಾಡಿಗೆ ಮನೆಗಳು ಎದ್ದವು. ಕೂಗು ಮಾತ್ರ ಉಳಿದುಕೊಂಡಿದೆ. "ಅಮ್ಮಾ, ಸ್ವಲ್ಪ ವಾಲ್ಯೂಮ್ ಕಮ್ಮಿ ಮಾಡ್ಕೊಳಮ್ಮಾ" ಎಂದು ನನ್ನ ಮಗ ಸುನೀಲ್ ದಿನಾ ಹೇಳುತ್ತಾನೆ. ಯಾಕಪ್ಪಾ ಕಮ್ಮಿ ಮಾಡಲಿ? ಬಾಯಿದ್ದವರು ಬರಗಾಲದಲ್ಲೂ ಬದುಕಿದರು ಎಂದು ಹಿರಿಯರು ಸುಮ್ಮಸುಮ್ಮನೆ ಹೇಳಿದರೇ?

ಇಂಥವಳ ಮಹಡಿ ಮನೆಗೆ ಬಾಡಿಗೆಗೆ ಬಂದವಳು ಐಶ್ವರ್ಯ. ಮುಧೋಳದ ಕಡೆಯ ಹುಡುಗಿ, ಹೊಸದಾಗಿ ಮದುವೆಯಾದವಳು. ಗಂಡ ವಿರೂಪಾಕ್ಷ ಯಶವಂತಪುರದ ಆಚೆ ಒಂದು ಫ್ಯಾಕ್ಟರಿಯಲ್ಲಿ ಮೆಷಿನ್ ಆಪರೇಟರ್. ಗಂಡ ಹೆಂಡತಿ ಇಬ್ಬರದೂ ಒಂದೇ ಸ್ವಭಾವ. ಮೇಲಿನ ಮನೆಯಲ್ಲಿ ಜನ ಇದ್ದಾರೆ ಎಂದು ಗೊತ್ತಾಗುತ್ತಿದ್ದುದು ಬೆಳಗ್ಗೆ ಅವಳು ಜೋಳದ ರೊಟ್ಟಿ ಬಡಿಯುವಾಗ ಮಾತ್ರ. ಸೊಪ್ಪಿನವನ ಹತ್ತಿರ ಚೌಕಾಸಿ ಮಾಡಲಿಕ್ಕೂ ಬಾಯಿ ಬಿಡುತ್ತಿರಲಿಲ್ಲ ಆ ಹುಡುಗಿ. ನಾನೇ ಕೆಳಗೆ ನಿಂತು ಅವಳ ಪರವಾಗಿ ಜಗಳ ಆಡುತ್ತಿದ್ದೆ.

ಒಂದು ಆಷಾಢದ ಬೆಳಗ್ಗೆ ನಾನು ತಿಂಡಿ ತಿನ್ನುತ್ತಾ ಕೂತಿದ್ದೆ. ಐಶ್ವರ್ಯ ಬಾಗಿಲಲ್ಲಿ ಬಂದು ನಿಂತಳು. ಬಲಗೈ ಸೆರಗಿನೊಳಗಿತ್ತು. ಮುಖದಲ್ಲಿ ನಗು.

"ಊಟ ಆತೇನ್ರಿ ಅಮ್ಮಾರ?"

"ಕೈಯಾಗೆ ಉಪ್ಪಿಟ್ಟಿನ ತಟ್ಟೆ ಐತೆ, ಈಗ್ಲೇ ಯಾವ ಊಟನವ್ವಾ?" ಎಂದೆ.

"ಸುನೀಲಣ್ಣಾರು ಡಬ್ಬಿ ಕಟ್ಟಿಕೊಂಡ ಹೋದ್ರೇನ್ರಿ?"

ಏನು ಈ ಹುಡುಗಿಗೆ ಇವತ್ತು ನಮ್ಮ ಮನೆ ಊಟದ ಚಿಂತೆ ಎಂದುಕೊಳ್ಳುವಷ್ಟರಲ್ಲಿ, ಆಗಷ್ಟೇ ಒರೆಸಿದ್ದ ನೆಲದ ಮೇಲೆ ಟಪ್ಪೆಂದು ಒಂದು ಹನಿ ಬಿತ್ತು. ರಕ್ತ! ತಾರಸಿಯ ಕಬ್ಬಿಣದ ಬಾಗಿಲು ಗಾಳಿಗೆ ಬಡಿದು ಅವಳ ಬೆರಳನ್ನು ಜಜ್ಜಿಹಾಕಿತ್ತು, ಉಗುರು ಕಿತ್ತು ಬಂದಿತ್ತು. ನಾನು ಕಿರುಚಿದ ರಭಸಕ್ಕೆ ಬೀದಿಯವರೆಲ್ಲ ಓಡಿ ಬಂದರು. ಅವಳು ಮಾತ್ರ "ನಿಮಗ ಗಾಬರಿ ಮಾಡಿಬಿಟ್ನಿ" ಎಂದು ನನ್ನನ್ನೇ ಸಮಾಧಾನ ಮಾಡುತ್ತಿದ್ದಳು.

ಬೆರಳಿಗೆ ಹೊಲಿಗೆ ಹಾಕಿಸಿಕೊಂಡು ಬರುವಾಗ ಆಟೋದಲ್ಲಿ ಚೆನ್ನಾಗಿ ಬೈದೆ. "ನಂಗೆ ಒಂದು ಮುಳ್ಳು ಚುಚ್ಚಿದ್ರೆ ಪಕ್ಕದ ಜಕ್ಕೂರಿಗೆ ಕೇಳ್ಬೇಕು. ನೀನೇನವ್ವಾ, ಮೂಕಿಯಾ?"

ಅವಳು ತಲೆ ತಗ್ಗಿಸಿ ಹೇಳಿದಳು. "ನಮ್ಮ ಮನ್ಯಾಗ ಹಂಗ ಕಲಿಸ್ಯಾರ್ರಿ. ನಮ್ಮವ್ವ ಐದ ಮಕ್ಕಳನ್ನ ಹಡದಾಳ. ಒಳಗ ಖೋಲ್ಯಾಗ ಆಕಿ, ಹೊರಗ ಪಡಸಾಲ್ಯಾಗ ಅಪ್ಪ, ಕಾಕಾ, ಮುತ್ಯಾ ಎಲ್ಲಾರೂ ಕುಂತಿರತಿದ್ರು. ಅವರಿಗೆ ಕೂಸಿನ ಅಳು ಕೇಳತಿತ್ರಿ. ಅವ್ವನ ಧ್ವನಿ ಒಂದಿನಾನೂ ಕೇಳಿಲ್ಲ. ಹೆಣ್ಣಮಕ್ಕಳ ನೋವು ಪಡಸಾಲಿಗೆ ಕೇಳಬಾರದು ಅಂತಾಳ್ರಿ."

"ಅದಿರ್ಲಿ. ಊಟ ಆಯ್ತಾ ಅಂತ ಯಾಕೆ ಕೇಳ್ದೆ?"

"ನೋವ ಬಂದಾಗ ಇನ್ನೊಬ್ಬರನ್ನ ವಿಚಾರಿಸಬೇಕಂತ್ರಿ. ಅವರ ಹಸಿವಿ, ಅವರ ಊಟ. ಆವಾಗ ತನ್ನ ನೋವ ಮರೀತೈತಿ ಅಂತಾಳ ಅವ್ವ."

ನೋವು ಜಾಸ್ತಿಯಾದಷ್ಟೂ ಅವಳ ವಿಚಾರಣೆ ಜಾಸ್ತಿ ಎಂಬುದು ಆಮೇಲೆ ನನಗೆ ರೂಢಿಯಿಂದ ತಿಳಿಯಿತು. ಹಲ್ಲುನೋವು ಬಂದ ದಿನ ಅವಳು ನಮ್ಮ ಮನೆಯವರನ್ನೆಲ್ಲ ಒಬ್ಬೊಬ್ಬರಾಗಿ ಊಟ ಆಯಿತಾ ಎಂದು ಕೇಳಿ, ಕೊನೆಗೆ ನಾಯಿಗೆ ಹಾಕಿದಿರಾ ಎಂದೂ ಕೇಳಿದ್ದಳು. ನಾನೇ ಅವಳ ಗಲ್ಲ ಹಿಡಿದು ಬಾಯಿ ತೆರೆಸಿ ನೋಡಿದೆ. ಎಲ್ಲರೂ ಎಂಥ ಒಳ್ಳೆಯ ಹುಡುಗಿ ಎನ್ನುತ್ತಿದ್ದರು. ನನಗೆ ಮಾತ್ರ ಅವಳ ಒಳ್ಳೆಯತನ ಕಂಡರೆ ಎದೆ ಹೊಡೆದುಕೊಳ್ಳುತ್ತಿತ್ತು.

ಮರುವರ್ಷ ಅವಳು ಬಸುರಿಯಾದಾಗ ಆಸ್ಪತ್ರೆಗೆ ಜೊತೆಯಲ್ಲಿ ಹೋಗುತ್ತಿದ್ದವಳು ನಾನೇ. ಆಸ್ಪತ್ರೆಯ ಹೆಸರು ಬೇಡ, ಹೇಳಿದರೆ ಸುನೀಲ್ ಬೈಯುತ್ತಾನೆ. ಉದ್ದನೆಯ ಸಾಲು. ನಮ್ಮ ಸರದಿ ಬಂದಾಗ ಮೇಜಿನ ಹಿಂದಿನ ಸಿಸ್ಟರ್ ತಲೆ ಎತ್ತದೆಯೇ ಕೇಳುವರು: "ಏನಾದ್ರೂ ತೊಂದ್ರೆ ಇದೆಯಾ?"

"ಏನಿಲ್ರಿ."

"ನೆಕ್ಸ್ಟ್."

"ಏನಿಲ್ವಾ? ಬೆಳಗ್ಗೆ ಎದ್ರೆ ಕಣ್ಣು ಕತ್ಲೆ ಬತ್ತದೆ ಅಂತ ಗೋಡೆ ಇಡ್ಕೊಂಡು ನಿಂತಿರ್ತಾಳೆ, ಬರ್ಕಳ್ರೀ!" ಎಂದು ನಾನು ಹಿಂದಿನಿಂದ ಕೂಗುವೆ. ಐಶ್ವರ್ಯ ನಾಚಿಕೊಂಡು ಆ ಸಿಸ್ಟರನ್ನೇ ಕೇಳುವಳು, "ನೀವು ಮುಂಜಾನಿಂದ ಕುಂತೀರಿ, ಚಾ ಆತೇನ್ರಿ?" ಅಲ್ಲಿ ಅವರನ್ನು ಯಾರೂ ಹಾಗೆ ಕೇಳಿದ್ದಿಲ್ಲವೇನೋ. ಸಿಸ್ಟರ್ ಕರಗಿಹೋದರು. ಅಂದಿನಿಂದ ಅವಳು ಅಲ್ಲಿ ಎಲ್ಲರ ಪ್ರೀತಿಯ ಪೇಷಂಟ್, ನಾನು ಅವಳ ಜೊತೆ ಬರುವ ಬಾಯಿಬಡುಕಿ.

ರಕ್ತ ಕಡಿಮೆ ಇದೆ ಎಂದು ಗೊತ್ತಾಯಿತು. ಅಲ್ಲಿನ ಡಾಕ್ಟರು ರಕ್ಷಾ ಎಂದು ಚಿಕ್ಕ ವಯಸ್ಸಿನವರು, ಸ್ಪಷ್ಟವಾಗಿ ಹೇಳಿದರು. "ಈ ಹುಡುಗಿಗೆ ಮೊದಲೇ ರಕ್ತ ಕಮ್ಮಿ. ಹೆರಿಗೆ ಟೈಮಲ್ಲಿ ಬ್ಲೀಡಿಂಗ್ ಜಾಸ್ತಿ ಆದ್ರೆ ತಡ್ಕೊಳೋ ಶಕ್ತಿ ಇಲ್ಲ. ಊರಿಗೆ ಕಳಿಸ್ಬೇಡಿ, ಇಲ್ಲೇ ಆಗ್ಲಿ." ಅವರ ಕಡೆ ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕು. ಆದರೆ ರಾತ್ರಿಯಿಡೀ ಬಸ್ಸಿನಲ್ಲಿ ಕುಲುಕಿಸಿಕೊಂಡು ಕರೆದೊಯ್ಯುವುದು ಹೇಗೆ? ಕೊನೆಗೆ ತವರೇ ಇಲ್ಲಿಗೆ ಬಂತು. ಅವಳ ತಾಯಿ ರತ್ನಕ್ಕ ಬಂದು ನಮ್ಮ ತಾರಸಿಯ ಮೇಲೆ ಕುಬಸ, ಅಂದರೆ ಅವರ ಕಡೆಯ ಸೀಮಂತ, ಮಾಡಿ, ಹಸಿರು ಸೀರೆ ಉಡಿಸಿ, ಹೆರಿಗೆಯ ಹೊತ್ತಿಗೆ ಮತ್ತೆ ಬರುತ್ತೇನೆಂದು ಹೇಳಿ ಹೋದರು. ಎತ್ತರದ ಹೆಂಗಸು, ಇಳಕಲ್ಲು ಸೀರೆ, ಮಗಳಂತೆಯೇ ಮಾತು ಕಡಿಮೆ.

ಕೂಸು ಅವರಿಗಾಗಿ ಕಾಯಲಿಲ್ಲ. ಅವರೇಕಾಯಿ ಕಾಲ, ಜಗಲಿಯ ಮೇಲೆ ಕೂತು ಕಾಯಿ ಬಿಡಿಸುತ್ತಿದ್ದೆ. ಐಶ್ವರ್ಯ ಗೋಡೆ ಹಿಡಿದು ಒಂದೊಂದೇ ಮೆಟ್ಟಿಲು ಇಳಿದು ಬಂದಳು.

"ಅಮ್ಮಾರ, ನಾಷ್ಟಾ ಆತೇನ್ರಿ?"

ಮೊರ ಕೈಯಿಂದ ಜಾರಿತು. ಕಾಳೆಲ್ಲ ಅಂಗಳದ ಪಾಲು. ಅವಳ ಸೀರೆ ಮುಂಭಾಗ ಪೂರ್ತಿ ಒದ್ದೆಯಾಗಿತ್ತು. "ಸುನೀಲಾ, ಆಟೋ ತಾರೋ!" ಎಂದು ನಾನು ಹಾಕಿದ ಕೂಗಿಗೆ ಮೂಲೆಯಂಗಡಿಯ ಹತ್ತಿರ ನಿಂತಿದ್ದ ಆಟೋದವನು ತಾನಾಗಿಯೇ ಗಾಡಿ ತಿರುಗಿಸಿಕೊಂಡು ಬಂದ.

ಆಸ್ಪತ್ರೆಯಲ್ಲಿ ಅವಳನ್ನು ಗಾಲಿಕುರ್ಚಿಯಲ್ಲಿ ಕೂರಿಸಿ ಒಳಗೆ ತಳ್ಳಿಕೊಂಡು ಹೋದರು. ನಾನೂ ಹಿಂದೆ ಹೊರಟೆ. ಬಾಗಿಲಲ್ಲಿದ್ದ ಸೆಕ್ಯೂರಿಟಿಯವಳು ಕೈ ಅಡ್ಡ ಹಿಡಿದಳು. ಅವಳ ತಲೆಯ ಮೇಲೆಯೇ ಗೋಡೆಗೆ ದೊಡ್ಡ ಪೋಸ್ಟರು: ನಗುತ್ತಿರುವ ಬಸುರಿ, ಪಕ್ಕದಲ್ಲಿ ಅವಳ ಕೈ ಹಿಡಿದ ಇನ್ನೊಬ್ಬ ಹೆಂಗಸು, ಕೆಳಗೆ "ಹೆರಿಗೆಯ ವೇಳೆ ಜೊತೆಗೊಬ್ಬರು ಇರಲಿ" ಎಂದು ಬರಹ.

"ನೋಡವ್ವಾ, ನೀವೇ ಬರ್ಸಿದ್ದೀರಲ್ಲಾ?" ಎಂದೆ.

"ಅದು ಗೋಡೆಗೆ ಹಾಕಿರೋದು ಕಣಮ್ಮಾ. ಒಳಗೆ ನಿಲ್ಲೋಕೆ ಜಾಗ ಎಲ್ಲಿದೆ?"

"ಜಾಗ ಇಲ್ದಿದ್ರೆ ಕಿತ್ತಾಕ್ರಿ ಅದನ್ನ! ಯಾರ್ ಕಣ್ಣಿಗೆ ಮಣ್ಣೆರಚಕ್ಕೆ ಅಂಟ್ಸಿದ್ದೀರಿ?" ಎಂದು ನಾನು ಶುರು ಮಾಡಿಯೇಬಿಟ್ಟೆ. ಒಳಗಿನಿಂದ ದಪ್ಪ ಕನ್ನಡಕದ ಹಿರಿಯ ಸಿಸ್ಟರ್ ಬಂದು, ಇದು ಸಂತೆಯಲ್ಲ, ಇನ್ನೊಂದು ಸಲ ಗಲಾಟೆ ಮಾಡಿದರೆ ಗೇಟಿನಾಚೆ ಕಳಿಸುತ್ತೇನೆ ಎಂದರು. ಅಷ್ಟು ಹೊತ್ತಿಗೆ ಫ್ಯಾಕ್ಟರಿಯ ಸಮವಸ್ತ್ರದಲ್ಲೇ ಓಡಿ ಬಂದಿದ್ದ ವಿರೂಪಾಕ್ಷ ಅವರಿಗೆ ಕೈಮುಗಿದ. ಆಮೇಲೆ ನನ್ನನ್ನು ಪಕ್ಕಕ್ಕೆ ಕರೆದ. ಕಣ್ಣಲ್ಲಿ ನೀರಿತ್ತು.

"ಅಮ್ಮಾರ, ನಿಮ್ಮ ಕಾಲಿಗೆ ಬೀಳತೀನ್ರಿ. ಇಲ್ಲಿ ಬಾಯಿ ಮಾಡಬ್ಯಾಡ್ರಿ. ಅವರಿಗೆ ಸಿಟ್ಟ ಬಂದ್ರ ಒಳಗ ಆಕೀ ಮ್ಯಾಲ ತೀರಿಸಿಕೊಂತಾರ. ಆಕಿ ಅವರ ಕೈಯಾಗ ಅದಾಳ್ರಿ."

ಏನೆಂದು ಜಗಳ ಆಡಲಿ? ಅವನ ಹೆದರಿಕೆ ಸುಳ್ಳಲ್ಲ, ಬಡವರೆಲ್ಲರಿಗೂ ಗೊತ್ತಿರುವ ಹೆದರಿಕೆ ಅದು. ಆಯ್ತಪ್ಪಾ, ತುಟಿ ಬಿಚ್ಚಲ್ಲ ಎಂದು ಮಾತು ಕೊಟ್ಟೆ. ಸೆರಗನ್ನು ಬಾಯಿಗೆ ಒತ್ತಿಕೊಂಡು ಬೆಂಚಿನ ಮೇಲೆ ಕೂತೆ.

ಒಳಗಿನಿಂದ ಒಂದೇ ಸಮನೆ ಕೂಗು ಬರುತ್ತಿತ್ತು. ನಮ್ಮವಳದಲ್ಲ, ಪಕ್ಕದ ಮಂಚದವಳದು. ಅವಳ ಹೆಸರು ಜೈಬುನ್ನೀಸಾ ಎಂದು ನಮಗೆಲ್ಲ ಗೊತ್ತಾದದ್ದೇ ಆ ಕೂಗಿನಿಂದ. ಅಮ್ಮನನ್ನು ಕರೆದಳು, ಅಲ್ಲಾನನ್ನು ಕರೆದಳು, ಗಂಡನ ವಂಶವನ್ನೆಲ್ಲ ಜಾಲಾಡಿದಳು. ಗಂಡ ಪಾಪ ಬೆಂಚಿನ ತುದಿಯಲ್ಲಿ ತಲೆ ತಗ್ಗಿಸಿ ಕೂತಿದ್ದ. ಅವಳು ಒಂದೊಂದು ಸಲ ಕೂಗಿದಾಗಲೂ ಒಳಗೆ ಚಪ್ಪಲಿಗಳ ಸದ್ದು ಆ ಕಡೆ ಓಡುತ್ತಿತ್ತು. ಅತ್ತರೆ ತಾನೇ ತಾಯಿ ಕೂಡ ಹಾಲು ಕೊಡುವುದು? ಐಶ್ವರ್ಯಳ ಕಡೆಯಿಂದ ಒಂದು ಉಸಿರೂ ಕೇಳಲಿಲ್ಲ. "ನಿಮ್ಮುಡುಗಿ ಬಲೇ ಗಟ್ಟಿ ಬಿಡಿ" ಎಂದು ಪಕ್ಕದಲ್ಲಿ ಕೂತ ಹೆಂಗಸು ಹೊಗಳಿದಳು. ನನಗೆ ಆ ಹೊಗಳಿದವಳ ಬಾಯಿಗೆ ಬಟ್ಟೆ ತುರುಕಬೇಕೆನ್ನಿಸಿತು.

ಮಧ್ಯಾಹ್ನ ಕೂಸಿನ ಅಳು ಕೇಳಿಸಿತು. ಹಿರಿಯ ಸಿಸ್ಟರ್ ಬಟ್ಟೆಯಲ್ಲಿ ಸುತ್ತಿ ತಂದು ತೋರಿಸಿದರು. ಹೆಣ್ಣು, ಕಪ್ಪು ಕೂದಲು, ಅಪ್ಪನ ಮೂಗು. "ನಾರ್ಮಲ್ ಡೆಲಿವರಿ. ಒಂದು ಸದ್ದಿಲ್ಲ ನೋಡಿ, ಇಂಥ ಪೇಷಂಟ್ ಸಿಕ್ಕಿದ್ರೆ ನಮಗೆ ಪುಣ್ಯ" ಎಂದರು. ನಿಜವಾಗಿ ಮೆಚ್ಚಿಯೇ ಹೇಳಿದ್ದು. ವಿರೂಪಾಕ್ಷ ಅಳುತ್ತಾ ನಗುತ್ತಾ ಅತ್ತೆಗೆ ಫೋನು ಹಚ್ಚಿದ. "ಹೂಂನ್ರಿ ಅತ್ತಿ, ಒಂದ ಸಪ್ಪಳಾನೂ ಮಾಡಲಿಲ್ಲಂತ. ಸಿಸ್ಟರ್ ಹೇಳಾಕತ್ತಿದ್ರು." ಆಚೆಯಿಂದ ರತ್ನಕ್ಕ ಏನು ಹೇಳಿದರೋ, ಅವನು ಎದೆಯುಬ್ಬಿಸಿ ತಲೆಯಾಡಿಸಿದ. ಅವರು ರಾತ್ರಿಯ ಬಸ್ಸಿಗೆ ಹೊರಡುವುದೆಂದಾಯಿತು.

ಐಶ್ವರ್ಯಳನ್ನು ಪಕ್ಕದ ವಾರ್ಡಿಗೆ ತಂದು ಮಲಗಿಸಿ ನನ್ನೊಬ್ಬಳನ್ನು ಒಳಗೆ ಬಿಟ್ಟರು. ಕುತ್ತಿಗೆವರೆಗೆ ಹೊದಿಕೆ, ಹಣೆಯ ಮೇಲೆ ಬೆವರು. ಕೂಸನ್ನು ಮಗ್ಗುಲಲ್ಲಿ ಹಿಡಿದೆ. ಅವಳು ಕೂಸನ್ನು ನೋಡಿದಳು, ಅದರ ಕೆನ್ನೆ ಮುಟ್ಟಿದಳು. ಆಮೇಲೆ ನನ್ನನ್ನು ನೋಡಿ ನಕ್ಕಳು.

"ಅಮ್ಮಾರ, ಊಟ ಆತೇನ್ರಿ?"

"ಎಲ್ಲವ್ವಾ ನೋವು?" ಎಂದೆ.

"ಏನಿಲ್ರಿ. ಪಾಪ, ಸಿಸ್ಟರ್ ಊಟ ಮಾಡ್ಯಾರೋ ಇಲ್ಲೋ ಕೇಳ್ರಿ."

ಅವಳ ಕೈ ಹಿಡಿದೆ. ತಣ್ಣಗಿತ್ತು. ಹೊದಿಕೆ ಎತ್ತಹೋದೆ. ಅವಳು ಗಟ್ಟಿಯಾಗಿ ಹಿಡಿದುಕೊಂಡಳು. "ಬ್ಯಾಡ್ರಿ ಅಮ್ಮಾರ. ಹೊಲಸಾಗೈತಿ. ನೀವು ನೋಡಬಾರದು."

ವಿರೂಪಾಕ್ಷನಿಗೆ ಕೊಟ್ಟ ಮಾತು ನೆನಪಿತ್ತು. ಕೂಸನ್ನು ಎತ್ತಿಕೊಂಡು, ಮೆತ್ತಗೆ ನಡೆದು, ಮೆತ್ತನೆಯ ದನಿಯಲ್ಲಿ ಹಿರಿಯ ಸಿಸ್ಟರ್ ಹತ್ತಿರ ಹೇಳಿದೆ. "ಸಿಸ್ಟರ್, ನಮ್ಮುಡುಗಿನ ಒಂಚೂರು ನೋಡ್ತೀರಾ?"

"ಏನಾಗಿದೆ?"

"ಊಟ ಆಯ್ತಾ ಅಂತ ಕೇಳ್ತಾವ್ಳೆ."

ಅವರು ನನ್ನನ್ನು ನೋಡಿ ನಕ್ಕುಬಿಟ್ಟರು. "ಒಳ್ಳೇದಲ್ವೇನಮ್ಮಾ? ನಿಮಗೆ ಆಗಿಲ್ದಿದ್ರೆ ಹೋಗಿ ಮಾಡ್ಕೊಂಡು ಬನ್ನಿ."

"ಅಂಗಲ್ಲ ಸಿಸ್ಟರ್. ಅವ್ಳು ನೋವಾದಾಗ್ಲೇ ಅಂಗೆ ಕೇಳಾದು. ನೋವೂ ಅಂತ ಬಾಯ್ಬಿಟ್ಟು ಏಳಲ್ಲ."

ಹೇಳುವಾಗಲೇ ನನ್ನ ಮಾತು ಹುಚ್ಚಿಯ ಮಾತಿನಂತೆ ಕೇಳಿಸುತ್ತಿದೆ ಎಂದು ನನಗೇ ಗೊತ್ತಾಗುತ್ತಿತ್ತು. ಅಷ್ಟರಲ್ಲಿ ಜೈಬುನ್ನೀಸಾ ಇನ್ನೊಮ್ಮೆ ಕೂಗಿದಳು. ಅವಳೂ ಹೆರಿಗೆಯಾಗಿ ಪಕ್ಕದ ಮಂಚಕ್ಕೆ ಬಂದಿದ್ದಳು, ಹೊಲಿಗೆ ಉರಿಯುತ್ತದೆಂದು ಈಗ ಕೂಗು. ಹಿರಿಯ ಸಿಸ್ಟರ್ ಅವಳ ಕಡೆ ಹೊರಟವರು ನಡೆಯುತ್ತಲೇ ಐಶ್ವರ್ಯಳ ಮಂಚದತ್ತ ಮುಖ ತಿರುಗಿಸಿ, "ಏನಮ್ಮಾ, ಚೆನ್ನಾಗಿದ್ದೀಯಾ?" ಎಂದರು.

"ಚೊಲೋ ಅದೀನ್ರಿ" ಎಂದಳು ಐಶ್ವರ್ಯ.

"ನೋಡಿ, ಚೆನ್ನಾಗೇ ಇದ್ದಾಳೆ. ಸುಸ್ತಾಗಿರುತ್ತೆ, ಮಲಗ್ಲಿ ಬಿಡಿ."

ಮತ್ತೆ ಮಂಚದ ಹತ್ತಿರ ಬಂದೆ. ಐಶ್ವರ್ಯ ಜೈಬುನ್ನೀಸಾ ಕಡೆ ತಿರುಗಿ ಕೇಳುತ್ತಿದ್ದಳು, "ನಿಮ್ಮದು ಊಟ ಆತೇನ್ರಿ?" ಅವಳು ಇನ್ನೂ ಇಲ್ಲ ಎಂದಳು. ಸ್ವಲ್ಪ ಹೊತ್ತಿಗೆ ಐಶ್ವರ್ಯ ಅವಳನ್ನೇ ಮತ್ತೆ ಕೇಳಿದಳು. ಮತ್ತೆ ನನ್ನನ್ನು. ಮತ್ತೆ ಯಾರೂ ಇಲ್ಲದ ಕಡೆಗೆ ನೋಡಿ ಕೇಳಿದಳು. ತುಟಿಯಲ್ಲಿ ಬಣ್ಣವೇ ಇರಲಿಲ್ಲ. ದನಿ ಎಲ್ಲೋ ದೂರದಿಂದ ಬರುತ್ತಿತ್ತು. ಜೈಬುನ್ನೀಸಾ ತನ್ನ ನರಳಾಟ ನಿಲ್ಲಿಸಿ, "ಅಮ್ಮಾ, ಇವ್ರಿಗೇನೋ ಆಗ್ತಿದೆ" ಎಂದಳು.

ಬಾಗಿಲಿನ ಗಾಜಿನಾಚೆ ವಿರೂಪಾಕ್ಷ ನಿಂತಿದ್ದ. ನಾನು ಸಿಸ್ಟರ್ ಕಡೆ ತಿರುಗುವುದನ್ನು ಕಂಡು ಬೇಡ ಎನ್ನುವಂತೆ ಕೈ ಜೋಡಿಸಿದ.

ಅಯ್ಯೋ ಶಿವನೇ, ಎಂಥ ಜನರ ನಡುವೆ ಸಿಕ್ಕಿಕೊಂಡೆ! ನೋವಾದವಳು ಹೇಳುವುದಿಲ್ಲ, ಕಟ್ಟಿಕೊಂಡವನು ಹೇಳಗೊಡುವುದಿಲ್ಲ, ಕೇಳಬೇಕಾದವರಿಗೆ ಪುರುಸೊತ್ತಿಲ್ಲ. ಮಾತು ಕೊಟ್ಟಿದ್ದೆ, ನಿಜ. ಸುಡಲಿ ಆ ಮಾತು. ಕೆರೆಯಾಚೆಯ ಎಮ್ಮೆಗಳನ್ನು ಕರೆಯುತ್ತಿದ್ದ ಆ ದನಿಯನ್ನು ಹೊಟ್ಟೆಯಿಂದ ಎಳೆದು ತೆಗೆದೆ.

"ಯಾರ್ರೀ ಅಲ್ಲಿ! ಇಲ್ಲೊಬ್ಳು ಸಾಯ್ತಾವ್ಳೆ, ಬರ್ರೀ! ಡಾಕ್ಟ್ರೇ! ಬರ್ರೋ ಯಾರಾದ್ರೂ!"

ಕೂಸು ಬೆಚ್ಚಿ ಅಳತೊಡಗಿತು. ವಾರ್ಡಿನಲ್ಲಿದ್ದ ಕೂಸುಗಳೆಲ್ಲ ಅಳತೊಡಗಿದವು. ಸೆಕ್ಯೂರಿಟಿಯವಳು ನನ್ನನ್ನು ಎಳೆದು ಹಾಕಲು ಬಂದಳು. ಅವಳಿಗಿಂತ ಮೊದಲು ಆಗಷ್ಟೇ ಡ್ಯೂಟಿಗೆ ಬಂದ ಒಬ್ಬ ಸಿಸ್ಟರ್, ಫಾಯಿಜಾ ಎಂದು ಆಮೇಲೆ ಗೊತ್ತಾಯಿತು, ಓಡಿ ಬಂದಳು. ಆ ಹುಡುಗಿ ಐಶ್ವರ್ಯಳನ್ನು ಏನೂ ಕೇಳಲಿಲ್ಲ. ಮುಖ ನೋಡಿದಳು, ಹೊಟ್ಟೆಯ ಮೇಲೆ ಕೈಯಿಟ್ಟಳು, ಹೊದಿಕೆ ಹಿಡಿದಿದ್ದ ಬೆರಳುಗಳನ್ನು ಮೆಲ್ಲನೆ ಬಿಡಿಸಿ ಹೊದಿಕೆ ಎತ್ತಿದಳು.

ರೆಕ್ಸಿನ್ ಹಾಸಿಗೆಯ ತಗ್ಗಿನಲ್ಲಿ ರಕ್ತ ನಿಂತಿತ್ತು. ತುಂಬಿ, ಗೋಡೆಯ ಕಡೆಯಿಂದ ಹರಿದು, ಯಾರ ಕಣ್ಣಿಗೂ ಬೀಳದಂತೆ ಮಂಚದ ಕೆಳಗೆ ಸೇರಿತ್ತು.

"ಮ್ಯಾಮ್!" ಎಂದು ಫಾಯಿಜಾ ಕೂಗಿದಳು. ಪರವಾಗಿಲ್ಲ, ಅವಳ ದನಿಯೂ ಸಣ್ಣದಲ್ಲ. ಎರಡೂ ಕೈಯಿಂದ ಐಶ್ವರ್ಯಳ ಹೊಟ್ಟೆ ಒತ್ತಿ ತಿಕ್ಕುತ್ತಾ ಇಂಜೆಕ್ಷನ್ ತರಲು ಹೇಳಿದಳು, ಡ್ರಿಪ್ ಹಾಕಲು ಹೇಳಿದಳು. ಹಿರಿಯ ಸಿಸ್ಟರ್ ಸೂಜಿ ಚುಚ್ಚಿದರು. ರಕ್ಷಾ ಡಾಕ್ಟರು ಊಟದ ಕೈಯಲ್ಲೇ ಓಡಿ ಬಂದರು. ಗರ್ಭಕೋಶ ಬಿಗಿಯುತ್ತಿಲ್ಲ, ರಕ್ತ ನಿಲ್ಲುತ್ತಿಲ್ಲ, ಥಿಯೇಟರ್ ರೆಡಿ ಮಾಡಿ ಎಂಬ ಮಾತು ನನ್ನ ಕಿವಿಗೆ ಬಿತ್ತು. ಮಂಚವನ್ನು ತಳ್ಳಿಕೊಂಡು ಹೋಗುವಾಗ ಐಶ್ವರ್ಯಳ ಕಣ್ಣು ಅರ್ಧ ತೆರೆದಿತ್ತು. ಫಾಯಿಜಾಳ ಕಡೆ ನೋಡಿ ತುಟಿ ಅಲುಗಾಡಿಸಿದಳು. ಏನು ಕೇಳಿದಳೆಂದು ನನಗೆ ಗೊತ್ತು.

ಆಮೇಲಿನದು ಬರೀ ಕಾಯುವುದು. ವಿರೂಪಾಕ್ಷನ ಫ್ಯಾಕ್ಟರಿಯಿಂದ ಅವನ ಊರ ಕಡೆಯ ಹುಡುಗರು ರಕ್ತ ಕೊಡಲು ಬಂದರು, ಎಲ್ಲರೂ ಅದೇ ನೀಲಿ ಸಮವಸ್ತ್ರ. ಅವನು ನನ್ನ ಕಾಲ ಹತ್ತಿರ ನೆಲದ ಮೇಲೆ ಕೂತಿದ್ದ. "ನಾನ ನಿಮ್ಮ ಬಾಯಿ ಕಟ್ಟಿದೆ, ಅಮ್ಮಾರ" ಎಂದು ಹಣೆ ಚಚ್ಚಿಕೊಂಡ. ನಾನು ಅವನಿಗೆ ಬೈಯಲಿಲ್ಲ. ಅವನ ತಲೆ ಸವರಿದೆ.

ಹಿರಿಯ ಸಿಸ್ಟರ್ ಡ್ಯೂಟಿ ಮುಗಿಸಿ ಹೊರಟವರು ನನ್ನ ಮುಂದೆ ಬಂದು ನಿಂತರು. ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. "ನಾನು ಕೇಳಿದೆ ಅಮ್ಮಾ. ಚೆನ್ನಾಗಿದ್ದೀನಿ ಅಂದ್ಲು."

"ಕೇಳಿದ್ರಿ ತಾಯಿ. ನೋಡ್ಲಿಲ್ಲ" ಎಂದೆ.

ಅವರ ಪಾದಗಳು ಊದಿ ಚಪ್ಪಲಿಯ ಪಟ್ಟಿಯೊಳಗೆ ಹಿಡಿಸುತ್ತಿರಲಿಲ್ಲ. ಬೆಳಗಿನಿಂದ ಕೂತವರಲ್ಲ ಎಂದು ಯಾರಿಗಾದರೂ ಗೊತ್ತಾಗುತ್ತಿತ್ತು. ಬಾಯಿಗೆ ಬಂದಿದ್ದ ಬೈಗುಳವನ್ನು ನುಂಗಿಕೊಂಡೆ. ಹಾಗಂತ ಸಿಟ್ಟು ಇಳಿಯಿತೆಂದಲ್ಲ, ಇವತ್ತಿಗೂ ಇಳಿದಿಲ್ಲ.

ಕತ್ತಲಾಗುವ ಹೊತ್ತಿಗೆ ರಕ್ಷಾ ಡಾಕ್ಟರು ಹೊರಗೆ ಬಂದು ವಿರೂಪಾಕ್ಷನ ಪಕ್ಕ ಬೆಂಚಿನ ಮೇಲೆಯೇ ಕೂತರು. "ಜೀವ ಉಳಿದಿದೆ. ಆದ್ರೆ ರಕ್ತ ನಿಲ್ಲಿಸೋಕೆ ಬೇರೆ ದಾರಿ ಇರ್ಲಿಲ್ಲ. ಗರ್ಭಕೋಶ ತೆಗೀಬೇಕಾಯ್ತು. ಇನ್ನು ಮುಂದೆ ಮಕ್ಕಳಾಗಲ್ಲ." ಆಮೇಲೆ ನನ್ನ ಮುಖ ನೋಡಿ ಹೇಳಿದರು. "ಇನ್ನೊಂಚೂರು ಮುಂಚೆ ಗೊತ್ತಾಗಿದ್ರೆ ಬಹುಶಃ ಅದೂ ಉಳೀತಿತ್ತು."

ಬಹುಶಃ! ಮಲಗಿದರೆ ಎದ್ದರೆ ನನ್ನ ತಲೆಯಲ್ಲಿ ಈಗಲೂ ಆ ಪದ ಓಡಾಡುತ್ತದೆ.

ಬೆಳಗ್ಗೆ ರತ್ನಕ್ಕ ಬಂದರು. ಬಸ್ಸಿಳಿದು ನೇರ ಆಸ್ಪತ್ರೆಗೇ ಬಂದಿದ್ದರು, ಕೈಯಲ್ಲಿ ಬಾಣಂತಿಗೆ ಅಂಟಿನ ಉಂಡೆಯ ಡಬ್ಬಿ, ಕೂಸಿಗೆ ಹೊದಿಸಲು ಕೌದಿ. ವಿರೂಪಾಕ್ಷ ಔಷಧಿ ತರಲು ಹೋಗಿದ್ದ, ಹೆರಿಗೆಯ ಆಮೇಲೆ ಆದದ್ದನ್ನು ಫೋನಿನಲ್ಲಿ ಅವರಿಗೆ ಹೇಳಿರಲಿಲ್ಲ. ಪ್ರಯಾಣದ ಆಯಾಸದಲ್ಲೂ ಆ ಹೆಂಗಸಿನ ಮುಖ ಹೊಳೆಯುತ್ತಿತ್ತು.

"ಅಕ್ಕಾರ, ನನ್ನ ಮಗಳು ಒಂದ ಸಪ್ಪಳ ಮಾಡಲಿಲ್ಲಂತ. ಹೌದೇನ್ರಿ?"

ರಾತ್ರಿಯಿಡೀ ಹಿಡಿದಿಟ್ಟುಕೊಂಡದ್ದು ಒಡೆದುಹೋಯಿತು. "ಔದು ಕಣಮ್ಮಾ, ಮಾಡ್ಲಿಲ್ಲ! ರಕ್ತದಾಗೆ ತೇಲ್ತಾ ಮಲಗಿದ್ಲು, ಸದ್ದು ಮಾಡ್ಲಿಲ್ಲ. ಒದ್ಕೆ ಇಡ್ಕೊಂಡು ಎಲ್ರಿಗೂ ಊಟ ಆಯ್ತಾ ಅಂತ ಕೇಳ್ತಾ ಮಲಗಿದ್ಲು. ನೀನೇ ಅಲ್ವಾ ಕಲ್ಸಿದ್ದು? ಗರ್ಭಕೋಶ ತೆಗೆದವ್ರೆ ನಿನ್ ಮಗಳ್ದು. ಒಂದೇ ಒಂದು ಕೂಗು ಕೂಗಿದ್ರೆ ಸಾಕಾಗಿತ್ತು. ಒಂದು ಕೂಗು!"

ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ರತ್ನಕ್ಕ ಡಬ್ಬಿಯನ್ನು ಬೆಂಚಿನ ಮೇಲಿಟ್ಟರು, ಕೌದಿಯ ಮಡಿಕೆಯನ್ನು ಸರಿಮಾಡಿದರು, ಸೆರಗನ್ನು ತಲೆಯ ಮೇಲೆ ಎಳೆದುಕೊಂಡರು. ಕಣ್ಣಲ್ಲಿ ಒಂದು ಹನಿ ಇಲ್ಲ. ಆಮೇಲೆ ನನ್ನ ಕಡೆ ತಿರುಗಿದರು.

"ಅಕ್ಕಾರ" ಎಂದರು. "ನಿಮ್ಮದು ನಾಷ್ಟಾ ಆತೇನ್ರಿ?"

ಅವರ ಮೇಲಿದ್ದ ನನ್ನ ಸಿಟ್ಟೆಲ್ಲ ಜರ್ರನೆ ಇಳಿದುಹೋಯಿತು. ಐದು ಹೆರಿಗೆಗಳಲ್ಲಿ ಆ ಖೋಲಿಯೊಳಗೆ ಈಕೆ ಯಾರನ್ನು ಕೇಳಿದ್ದಳೋ, ಗೋಡೆಯನ್ನೇ ಕೇಳಿದ್ದಳೋ. ಹತ್ತಿರ ಸರಿದು ಅವರ ಕೈ ಹಿಡಿದುಕೊಂಡೆ. "ಇಲ್ಲ ರತ್ನಕ್ಕಾ, ಆಗಿಲ್ಲ" ಎಂದೆ.

ಫಾಯಿಜಾ ಬಂದು ನಮ್ಮಿಬ್ಬರನ್ನೂ ಒಳಗೆ ಕರೆದೊಯ್ದಳು. ಹೋಗುವಾಗ ಮೆಲ್ಲನೆ ಹೇಳಿದಳು, ಡಾಕ್ಟರು ಬೆಳಗ್ಗೆ ಐಶ್ವರ್ಯಳಿಗೆ ವಿಷಯ ತಿಳಿಸಿದ್ದಾರಂತೆ. ಅವಳು ಎಲ್ಲ ಕೇಳಿಸಿಕೊಂಡು, "ನಿಮಗ ಭಾಳ ತ್ರಾಸ ಆತ್ರಿ" ಎಂದು ಡಾಕ್ಟರಿಗೇ ಸಮಾಧಾನ ಹೇಳಿದಳಂತೆ. ರಕ್ಷಾ ಡಾಕ್ಟರು ಹೊರಗೆ ಹೋಗಿ ಅತ್ತರಂತೆ.

ಐಶ್ವರ್ಯ ಸುಣ್ಣದ ಗೋಡೆಯ ಬಣ್ಣಕ್ಕೆ ತಿರುಗಿದ್ದಳು. ಕೈಗೆ ರಕ್ತದ ಬಾಟಲಿಯ ಕೊಳವೆ. ತಾಯಿಯನ್ನು ಕಂಡು ನಗಲು ನೋಡಿದಳು.

"ಯವ್ವಾ, ಬಂದೇನು? ಬಸ್ಸಿನ್ಯಾಗ ಕುಂದರಾಕ ಜಾಗಾ ಸಿಕ್ಕಿತ್ತೇನು? ಚಾ ಕುಡದೇನು?"

ರತ್ನಕ್ಕ ಮಂಚದ ಮೇಲೆ ಕೂತರು. ಮಗಳ ಹಣೆಯ ಕೂದಲನ್ನು ಹಿಂದಕ್ಕೆ ಸವರಿದರು. "ಕುಡದಿಲ್ಲ" ಎಂದರು. "ನನ್ನ ಚಾ ಬಿಡು. ನಿನಗ ಎಲ್ಲಿ ನೋವೈತಿ, ಅದನ್ನ ಹೇಳು."

ಐಶ್ವರ್ಯಳ ನಗು ಅಲ್ಲಿಯೇ ನಿಂತಿತು. ಫಾಯಿಜಾಳನ್ನು ನೋಡಿದಳು, ನನ್ನನ್ನು ನೋಡಿದಳು. ಬಾಗಿಲಿನ ಕಡೆ ಕಣ್ಣು ಹೊರಳಿಸಿದಳು. ಗಾಜಿನಾಚೆ ಬೆಂಚಿನ ಮೇಲೆ ಔಷಧಿಯ ಚೀಲ ಹಿಡಿದುಕೊಂಡು ವಿರೂಪಾಕ್ಷ ಕೂತಿದ್ದ, ಜೈಬುನ್ನೀಸಾಳ ಗಂಡನೂ, ಇನ್ನೂ ಯಾರು ಯಾರೋ ಇದ್ದರು.

"ಹೊರಗ ಗಂಡಸರು ಅದಾರ, ಯವ್ವಾ" ಎಂದಳು.

"ಕೇಳಲಿ" ಎಂದರು ರತ್ನಕ್ಕ.

ಮೊದಲು ಅವಳ ಗಲ್ಲ ನಡುಗಿತು. ಆಮೇಲೆ "ಯವ್ವಾ" ಎಂದಳು, ಬರೀ ಉಸಿರಿನಲ್ಲಿ. ಇನ್ನೊಂದು ಸಲ "ಯವ್ವಾ" ಎಂದಾಗ ಅದು ದನಿಯಾಯಿತು. "ಹೊಟ್ಟಿ ಉರಿಯಾಕತ್ತೈತಿ. ಭಾಳ ನೋಯಾಕತ್ತೈತಿ. ನನ್ನ ಹೊಟ್ಯಾಗ ಏನೂ ಉಳದಿಲ್ಲ, ಯವ್ವಾ!" ಹೊಲಿಗೆ ಬಿಚ್ಚೀತೆಂದು ಫಾಯಿಜಾ ಅವಳ ಹೊಟ್ಟೆಗೆ ದಿಂಬು ಒತ್ತಿ ಹಿಡಿದಳು, ಸುಮ್ಮನಿರು ಎಂದು ಮಾತ್ರ ಹೇಳಲಿಲ್ಲ. ರತ್ನಕ್ಕನ ಬಾಯಿಂದಲೂ ಒಂದು ದನಿ ಹೊರಬಿತ್ತು, ಯಾವ ಕಾಲದಿಂದ ಒಳಗೆ ಕೂತಿತ್ತೋ. ತಾಯಿ ಮಗಳು ಒಬ್ಬರನ್ನೊಬ್ಬರು ಹಿಡಿದುಕೊಂಡು ಗಟ್ಟಿಯಾಗಿ ಅತ್ತರು. ಗಾಜಿನಾಚೆ ವಿರೂಪಾಕ್ಷ ಎದ್ದು ನಿಂತಿದ್ದ.